ಗೋಡೆಯ ಮೇಲೆ ಚಪ್ಪಲಿ ಹಿಡಿದವನು

ಹೋದ ವಾರ ಮಧ್ಯಾಹ್ನ ನಾನು ಒಳಗೆ ಮೊರ ಹಿಡಿದು ಜೋಳ ಹಸನು ಮಾಡುತ್ತ ಕುಳಿತಿದ್ದೆ. ಹಿತ್ತಲಿನ ನಲ್ಲಿಯ ಹತ್ತಿರ ಸಮೃದ್ಧಿ ಹಳೆಯ ಡಬ್ಬಿಯೊಂದರಲ್ಲಿ ಕೆಂಪು ಪುಡಿ ಹಾಕಿ ಅದರ ಮೇಲೆ ನೀರು ಸುರಿದಳು. ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಬಿಸಿಲಿಗೆ ಕಾದ ಮಣ್ಣಿಗೆ ನೀರು ತಾಗಿದಾಗ ಏಳುವ ತಂಪು ವಾಸನೆ, ಅದರೊಳಗೆ ತುಕ್ಕು ಹಿಡಿದ ಕಬ್ಬಿಣದ ಒಗರು. ನನ್ನ ಕೈ ಮೊರದ ಮೇಲೆ ಹಾಗೇ ನಿಂತಿತು. ನೀವು ಮೊಮ್ಮಕ್ಕಳು ಮರಾಠಿ ಶಾಲೆಯವರು, ಆ ಪುಡಿಗೆ ಗೇರು ಅನ್ನುತ್ತೀರಿ. ನನ್ನ ತವರಿನಲ್ಲಿ ಅದಕ್ಕೆ ಹುರಮಂಜು ಅನ್ನುತ್ತಿದ್ದರು. ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಕೊಡುವುದಲ್ಲ ಅದು. ಹಳ್ಳದ ದಂಡೆಯ ಕೆಂಪು ಹೆಂಟೆಗಳನ್ನು ಹೆಂಗಸರು ಉಡಿಯಲ್ಲಿ ತುಂಬಿ ತಂದು, ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ಜಾಲಿಯ ಅಂಟು ಬೆರೆಸಿ ಇಡುತ್ತಿದ್ದರು. ಎಷ್ಟೋ ವರ್ಷವಾಗಿತ್ತು ಆ ವಾಸನೆ ನನ್ನ ಮೂಗಿಗೆ ಬಿದ್ದು. ಕಣ್ಣು ಮುಚ್ಚಿದೆ. ನನ್ನ ಎದುರು ಬೆಳ್ಳಗೆ ಸುಣ್ಣ ಬಳಿದ ಗೋಡೆಯೊಂದು ನಿಂತಿತ್ತು.

ಸಮೃದ್ಧಿ ಅಂದು ಸಿಟ್ಟಿನಲ್ಲಿದ್ದಳು. ಅವಳ ಶಾಲೆಯ ಚಿತ್ರಕಲೆಯ ಮೇಡಂ, ಮನೆಯಲ್ಲಿ ಕೆಲಸ ಮಾಡುವ ಒಬ್ಬರ ಚಿತ್ರ ಬರೆದು ತರಲು ಹೇಳಿದ್ದರಂತೆ. ಇವಳು ತನ್ನ ಅವ್ವ ರೊಟ್ಟಿ ಬಡಿಯುವುದನ್ನು ಬರೆದು ಒಯ್ದಿದ್ದಳು. ದೊಡ್ಡ ದೊಡ್ಡ ಕಣ್ಣು, ಉದ್ದ ರೆಪ್ಪೆ, ಕಿವಿಯವರೆಗೂ ನಗು. ಮೇಡಂ ಆ ಮುಖದ ಮೇಲೆ ತಮ್ಮ ಅಂಗೈ ಇಟ್ಟು, ಇವರು ಏನು ಮಾಡುತ್ತಿದ್ದಾರೆ, ದಣಿದಿದ್ದಾರೋ ಖುಷಿಯಲ್ಲಿದ್ದಾರೋ ಹೇಳಿ ಎಂದು ಇಡೀ ವರ್ಗವನ್ನು ಕೇಳಿದರಂತೆ. ಯಾರಿಗೂ ಹೇಳಲು ಬರಲಿಲ್ಲ. ಮತ್ತೆ ಬರೆದುಕೊಂಡು ಬಾ, ಈ ಸಲ ಮುಖ ಬರೆಯಬೇಡ ಎಂದು ಕಳಿಸಿದ್ದರು. ಇವಳು ದಪ್ತರದ ಚೀಲ ಒಗೆದು ನನ್ನ ಮುಂದೆ ಬಂದು ಕುಳಿತಳು. "ಆಜೀ, ಮುಖಾನ ಇಲ್ಲಂದ್ರ ಮಂದಿಗಿ ಹ್ಯಾಂಗ ಗೊತ್ತಾಗಬೇಕು?" ನನಗೆ ನಗು ಬಂತು. ಅವಳಿಗೆ ಇನ್ನೂ ಸಿಟ್ಟು ಬಂತು. ಬಣ್ಣ ಮುಗಿದಿತ್ತೆಂದು ಅವಳ ಅವ್ವ, ಅಂಗಳಕ್ಕೆ ಬಳಿಯಲು ತಂದಿದ್ದ ಗೇರನ್ನು ಕೊಟ್ಟಿದ್ದಳು. ಹಾಗಾಗಿ ಈ ವಾಸನೆ, ಹಾಗಾಗಿ ಈ ಬರಹ. ನಾನು ಬಾಯಿಬಿಟ್ಟು ಕತೆ ಹೇಳುವವಳಲ್ಲ, ನಾಲ್ಕು ಜನ ಕೂತರೆ ನನ್ನ ದನಿ ಗಂಟಲಲ್ಲೇ ಉಳಿಯುತ್ತದೆ. ಬರೆದಿಡುತ್ತೇನೆ. ನಿಮಗೆ ಕನ್ನಡ ಓದಲು ತಡವಾಗುತ್ತದೆ, ಗೊತ್ತು. ನಿಮ್ಮ ಅವ್ವ ಉಟಗಿಯವಳು, ಕನ್ನಡ ಶಾಲೆಯಲ್ಲಿ ಕಲಿತವಳು, ಅವಳು ಓದಿ ಹೇಳುತ್ತಾಳೆ.

ನನ್ನ ತವರು ಅಸಂಗಿಯ ಆಚೆಗೆ, ಕರ್ನಾಟಕದ ಗಡಿಗೆ ತಾಗಿದ ಒಂದು ಸಣ್ಣ ಊರು. ಕಲ್ಲು ಮಣ್ಣಿನ ಮನೆ, ಮೇಲೆ ಮಣ್ಣಿನ ಮಾಳಿಗೆ. ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಒಂದು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಕತ್ತಲೆಯ ಅಡುಗೆಮನೆ. ಪಡಸಾಲೆಯ ಹೊರಗೋಡೆ ಅಂಗಳಕ್ಕೆ ಮುಖ ಮಾಡಿತ್ತು. ಆ ಗೋಡೆ ನಮ್ಮ ಆಯಿಯದು. ಆಯಿ ಅಂದರೆ ನಿಮ್ಮ ಮರಾಠಿಯಲ್ಲಿ ತಾಯಿ. ನಮ್ಮಲ್ಲಿ ಅಜ್ಜಿಗೆ ಆಯಿ ಅನ್ನುತ್ತಿದ್ದೆವು. ನನ್ನ ಅಪ್ಪನ ತಾಯಿ, ನೀಲವ್ವ. ಬಿಗಿದು ಕಟ್ಟಿದ ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಬೆರಳ ತುದಿಯಲ್ಲಿ ಯಾವಾಗಲೂ ಸುಣ್ಣ ತಿಂದ ಬಿರುಕು. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಸುಗ್ಗಿ ಮುಗಿದು ಯುಗಾದಿಗೆ ಮುಂಚೆ ಊರಿನ ಮನೆಗಳಿಗೆ ಸುಣ್ಣ ಬಳಿಯುವ ಹೊತ್ತಿಗೆ ನಮ್ಮ ಓಣಿಯ ಹುಡುಗಿಯರೆಲ್ಲ ಆಕೆಯ ಶಾಲೆಗೆ ಸೇರುತ್ತಿದ್ದರು.

ಹೊಸ ಸುಣ್ಣದ ಗೋಡೆಯ ಮೇಲೆ ಹುರಮಂಜಿನಿಂದ ಆಯಿ ಸಾಲಾಗಿ ಮನುಷ್ಯರನ್ನು ಬರೆಯುತ್ತಿದ್ದಳು. ಕೊಡ ಹೊತ್ತವಳು, ಕೋಲಿಗೆ ಗದ್ದ ಊರಿ ನಿಂತ ಕುರಿ ಕಾಯುವವನು, ಗಾಳಿಗೆ ಜೋಳ ತೂರುವವನು, ಸೊಂಟದ ಮೇಲೆ ಕೂಸು ಇಟ್ಟುಕೊಂಡವಳು. ಜೋಳದ ದಂಟಿನ ತುದಿಯನ್ನು ಕಲ್ಲಿನಿಂದ ಜಜ್ಜಿ ನಾರು ಬಿಡಿಸಿದರೆ ಅದೇ ಕುಂಚ. ಒಬ್ಬೊಬ್ಬರೂ ಒಂದು ಗೇಣು ಎತ್ತರ, ಮೈ ತುಂಬ ಕೆಂಪು, ಯಾರಿಗೂ ಮುಖವಿಲ್ಲ. ಕಣ್ಣು, ಮೂಗು, ಬಾಯಿ ಏನೂ ಇಲ್ಲ. ಬರೀ ಒಂದು ಗುಂಡು ತಲೆ. ನಾನು ಚಿಕ್ಕವಳಿದ್ದಾಗ ಒಮ್ಮೆ ಕೊಡದವಳಿಗೆ ಇದ್ದಿಲಿನಿಂದ ಎರಡು ಕಣ್ಣು ಇಟ್ಟುಬಿಟ್ಟಿದ್ದೆ. ಆಯಿ ಬಯ್ಯಲಿಲ್ಲ, ಒದ್ದೆ ಅರಿವೆಯಿಂದ ಒರೆಸಿದಳು. "ಗ್ವಾಡಿ ಮ್ಯಾಲ ಕಣ್ಣ ತಗದ್ರ ಮನ್ಯಾಗ ಯಾರೋ ಬಂದು ಕುಂತಂಗ ಆಗತೈತಿ ತಂಗಿ. ಉಣ್ಣೂ ಮುಂದ ನೋಡತಾರ, ಜಗಳಾ ಆಡೂ ಮುಂದ ನೋಡತಾರ. ಬ್ಯಾಡ." ಅದು ಆಕೆಯ ಅತ್ತೆಯ ಕಾಲದಿಂದ ಬಂದ ಪದ್ಧತಿ. ಮುಖ ಬರೆಯುವಂತಿಲ್ಲ ಅಂದಮೇಲೆ ಹೇಳಬೇಕಾದದ್ದನ್ನೆಲ್ಲ ಹೆಗಲು, ಕುತ್ತಿಗೆ, ಕೈ, ಕಾಲುಗಳೇ ಹೇಳಬೇಕಾಗಿತ್ತು.

ಅದನ್ನು ಆಯಿ ಕಲಿಸುತ್ತಿದ್ದ ರೀತಿ ನನಗೆ ಇಂದಿಗೂ ಮೈಯಲ್ಲಿ ಇದೆ. ಮೊದಲ ದಿನ ಯಾರ ಕೈಗೂ ದಂಟು ಕೊಡುತ್ತಿರಲಿಲ್ಲ. ಅಂಗಳದಲ್ಲಿ ಎರಡು ಕೊಡ ಇಡುತ್ತಿದ್ದಳು, ಒಂದು ತುಂಬಿದ್ದು, ಒಂದು ಖಾಲಿ. ಒಬ್ಬೊಬ್ಬರೂ ತುಂಬಿದ ಕೊಡ ಸೊಂಟಕ್ಕೆ ಇಟ್ಟುಕೊಂಡು ಹತ್ತು ಹೆಜ್ಜೆ ನಡೆಯಬೇಕು, ಆಮೇಲೆ ಖಾಲಿಯದು. "ಯಾವ ಕಡಿ ಸೊಂಟ ಹೊರಗ ಬಂತು? ಬರಿಗೈ ಎಲ್ಲಿ ಹೋತು? ಕುತ್ತಿಗಿ ಯಾವ ಕಡಿ ವಾಲ್ತು?" ಎಂದು ಕೇಳುತ್ತಿದ್ದಳು. ನಾವು ಹೇಳಲು ತಡವರಿಸಿದರೆ ಮತ್ತೆ ಹತ್ತು ಹೆಜ್ಜೆ. ಖಾಲಿ ಕೊಡವನ್ನು ಹೊತ್ತು ತುಂಬಿದ ಕೊಡದವಳಂತೆ ನಡೆದು ಮೋಸ ಮಾಡಲು ನೋಡಿದರೆ ಆಯಿ ಕಟ್ಟೆಯ ಮೇಲಿಂದಲೇ ಹಿಡಿಯುತ್ತಿದ್ದಳು: "ಏ ಗಂಗೂ, ನಿನ್ನ ಬೆರಳ ಸಡಲ ಅದಾವ. ನೀರಿದ್ರ ಹಂಗ ಹಿಡೀತಾರೇನ?" ಗಂಗೂ ನಾನು. ಆಕೆಯ ಪಾಠವೆಲ್ಲ ಒಂದೇ ಮಾತಿನಲ್ಲಿತ್ತು. "ಮೊದಲ ಮೈಯಾಗ ತಗೋ, ಆಮ್ಯಾಲ ಗ್ವಾಡಿಗಿ ಹಚ್ಚು."

ಬೆಳಗಿನ ಎಳೆಬಿಸಿಲು ಆ ಗೋಡೆಗೆ ನೇರವಾಗಿ ಬೀಳುತ್ತಿತ್ತು. ಆಗ ಒಬ್ಬಳನ್ನು ಬಿಸಿಲಿಗೆ ನಿಲ್ಲಿಸಿ, ಉಳಿದವರೆಲ್ಲ ಅವಳ ಕಡೆ ಬೆನ್ನು ಮಾಡಿ ಗೋಡೆಯ ಮೇಲಿನ ನೆರಳನ್ನಷ್ಟೇ ನೋಡಿ ಹೇಳಬೇಕು, ಇವಳಿಗೆ ಹಸಿವಾಗಿದೆಯೋ, ಸಿಟ್ಟು ಬಂದಿದೆಯೋ, ಯಾರದೋ ದಾರಿ ಕಾಯುತ್ತಿದ್ದಾಳೋ ಎಂದು. ಸಂಜೆಗೆ ಇನ್ನೊಂದು ಆಟ. ಹೊಲದ ಬದುವಿನ ಮೇಲೆ ದೂರದಿಂದ ಬರುವವರನ್ನು ಮುಖ ಕಾಣುವ ಮೊದಲೇ ಗುರುತಿಸಿ, ಅವರ ದಿನ ಹೇಗಿತ್ತೆಂದು ಹೇಳಬೇಕು. ಒಮ್ಮೆ ನಮ್ಮ ಕಾಕಾ ಜತ್ತಿನಿಂದ ಬರಬೇಕಾದವರು ಎಸ್.ಟಿ. ಬಸ್ಸು ತಪ್ಪಿಸಿಕೊಂಡು ನಡೆದು ಬರುತ್ತಿದ್ದರು. ನನ್ನ ಅಕ್ಕ ಕಸ್ತೂರಿ ಬದುವಿನ ಕಡೆ ನೋಡಿ, "ಕಾಕಾಗ ಬಸ್ಸ ತಪ್ಪೇತಿ, ಮತ್ತ ಅದರ ಸಿಟ್ಟ ನಮ್ಮ ಮ್ಯಾಲ ಬರತೈತಿ" ಅಂದಳು. ಕಾಕಾ ಅಂಗಳಕ್ಕೆ ಕಾಲಿಟ್ಟವರೇ ನಮ್ಮನ್ನೆಲ್ಲ ಬಯ್ದರು. ನಾವು ನಕ್ಕೆವು, ಅವರು ಇನ್ನೂ ಬಯ್ದರು. ಅಕ್ಕ ಎಲ್ಲರಿಗಿಂತ ಜಾಣೆ. ಅವಳು ಬರೆದ ಕುರಿ ಕಾಯುವವನನ್ನು ನೋಡಿದರೆ ಅವನ ಕಾಲು ಜೋಮು ಹಿಡಿದದ್ದು ಕೂಡ ಗೊತ್ತಾಗುತ್ತಿತ್ತು.

ಅಕ್ಕನಿಗೆ ಹದಿನೆಂಟು, ನನಗೆ ಹನ್ನೊಂದು. ಆ ವರ್ಷ ಸುಗ್ಗಿ ಮುಗಿದ ಕೂಡಲೇ ಡಫಳಾಪುರದ ಕಡೆಯಿಂದ ಅವಳನ್ನು ನೋಡಲು ಬಂದರು. ಹುಡುಗನ ಹೆಸರು ಈರಣ್ಣ. ಹುಡುಗ, ಅವನ ತಂದೆ, ಸೋದರಮಾವ, ಮೂವರು. ಎಸ್.ಟಿ. ದಾರಿ ಒಡೆಯುವ ಫಾಟಾದ ಹತ್ತಿರ ಇಳಿಸಿ ಹೋಗುತ್ತಿತ್ತು, ಅಲ್ಲಿಂದ ನಮ್ಮೂರಿಗೆ ಕಲ್ಲು ತುಂಬಿದ ಮಡ್ಡಿಯ ದಾರಿಯಲ್ಲಿ ಒಂದು ತಾಸು ನಡೆಯಬೇಕು. ನನಗೆ ಅಂದು ಒಂದು ಕೆಲಸ ಹಚ್ಚಿದ್ದರು. ನಮ್ಮ ಮನೆಯ ಕರುವಿಗೆ ಚರ್ಮ ಅಗಿಯುವ ಚಟ ಇತ್ತು. ಬಂದವರ ಚಪ್ಪಲಿ ಅದರ ಬಾಯಿಗೆ ಸಿಗದಂತೆ ನಾನು ಬಾಗಿಲಲ್ಲಿ ಕುಳಿತು ಕಾಯಬೇಕು. ದೊಡ್ಡವರ ನಡುವೆ ಹೋಗುವುದು ತಪ್ಪಿತಲ್ಲ ಎಂದು ನನಗೆ ಸಮಾಧಾನವೇ ಆಗಿತ್ತು. ಮೂರು ಜೊತೆ ಚಪ್ಪಲಿ ಸಾಲಾಗಿ ಇದ್ದವು. ಒಂದು ಜೊತೆ ಹೊಚ್ಚಹೊಸವು, ಇನ್ನೂ ಚರ್ಮದ ಹಸಿ ವಾಸನೆ. ಅವುಗಳ ಹಿಂದಿನ ಪಟ್ಟಿಯ ಒಳಬದಿಯಲ್ಲಿ ರಕ್ತ ಅಂಟಿತ್ತು.

ಕಾಲು ತೊಳೆಯುವ ನೆಪದಲ್ಲಿ ಹುಡುಗ ಒಬ್ಬನೇ ಹಿಂದೆ ಉಳಿದ. ಹಿಮ್ಮಡಿಯ ಮೇಲೆ ನೀರು ಬಿದ್ದಾಗ ಅವನು ಹಲ್ಲು ಕಚ್ಚಿದ. ತಿರುಗಿ ನೋಡಿದರೆ ನಾನು. ನಾನು ಕಣ್ಣು ಬಿಟ್ಟುಕೊಂಡು ಅವನ ಕಾಲನ್ನೇ ನೋಡುತ್ತಿದ್ದೆ. ಅವನಿಗೆ ನನಗಿಂತ ಹೆಚ್ಚು ನಾಚಿಕೆಯಾಯಿತು. "ಯವ್ವಾ ತಂಗಿ, ಯಾರ ಮುಂದೂ ಹೇಳಬ್ಯಾಡ" ಅಂದ ಪಿಸುದನಿಯಲ್ಲಿ. "ನಮ್ಮಣ್ಣನ ಚಪ್ಪಲಿ ಇವು. ಹಳೇವು ಹಾಕ್ಕೊಂಡ ಹೋದ್ರ ಚಲೋ ಕಾಣೂದಿಲ್ಲಂತ ನಮ್ಮವ್ವ ಇವನ್ನ ಕೊಟ್ಟಾಳ." ನಾನು ಹೂಂ ಎಂದು ಗೋಣು ಹಾಕಿದೆ. ಹೂಂ ಎಂದವಳು ಆಮೇಲೆ ಎಷ್ಟು ದಿನ ಒದ್ದಾಡಬೇಕಾಗುತ್ತದೆ ಎಂದು ನನಗೇನು ಗೊತ್ತು.

ಒಳಗೆ ಅವಲಕ್ಕಿ, ಶೇಂಗಾದ ಉಂಡಿ, ಚಹಾ ಆಯಿತು. ಅಕ್ಕ ತಟ್ಟೆ ಇಟ್ಟು ಹೋದಳು, ಮತ್ತೆ ಚಹಾ ತಂದಳು. ಆಯಿ ನಡುಮನೆಯ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. ಸುಗ್ಗಿಯ ಜೋಳದ ಚೀಲಗಳನ್ನು ಪಡಸಾಲೆಯಲ್ಲೇ ಒಟ್ಟಿದ್ದರು, ಎದೆ ಮಟ್ಟ. ಆಯಿ ನಿಂತಲ್ಲಿಂದ ಕುಳಿತವರ ತಲೆ ಮತ್ತು ಹೆಗಲು ಮಾತ್ರ ಕಾಣುತ್ತಿದ್ದವು, ಕೆಳಗಿನದೆಲ್ಲ ಚೀಲಗಳ ಹಿಂದೆ. ಮಂದಿ ಹೊರಡುವಾಗ ಹುಡುಗ ಎಲ್ಲರಿಗಿಂತ ಮೊದಲು ಎದ್ದ, ನಮಸ್ಕಾರ ಮಾಡಿ ಹೊಸ್ತಿಲ ಕಡೆ ತಿರುಗಿದ. ಅವರು ಓಣಿ ದಾಟಿದ ಮೇಲೆ ನಾನು ನಿಚ್ಚಣಿಕೆ ಹತ್ತಿ ಮಾಳಿಗೆಗೆ ಹೋದೆ. ಮಡ್ಡಿಯ ದಾರಿ ಅಲ್ಲಿಂದ ಪೂರ್ತಿ ಕಾಣುತ್ತಿತ್ತು. ದೊಡ್ಡ ಬೇವಿನ ಮರದ ತಿರುವಿನವರೆಗೆ ಹುಡುಗ ಸೆಟೆದು ನಡೆದ. ತಿರುವಿನ ಆಚೆ, ಊರಿಗೆ ಕಾಣುವುದಿಲ್ಲ ಅಂದುಕೊಂಡಲ್ಲಿ, ಬಗ್ಗಿ ಎರಡೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದ. ಒಂದು ಹಿಮ್ಮಡಿ ನೆಲಕ್ಕೆ ತಾಗಿಸದೆ ಬೆರಳ ಮೇಲೆ ಕುಂಟುತ್ತ ನಾಲ್ಕು ಹೆಜ್ಜೆ ಹೋದ, ನಿಂತ, ತಿರುಗಿ ನಮ್ಮ ಮನೆಯ ಕಡೆ ನೋಡಿದ. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ನೋಡಿದ. ದೊಡ್ಡವರು ಮುಂದೆ ಹೋಗಿ ಕೂಗಿ ಕರೆದರೂ ಮೂರನೆಯ ಸಲ ನೋಡಿದ.

ಕೆಳಗೆ ಇಳಿದು ಬಂದಾಗ ಆಯಿಯ ತೀರ್ಮಾನ ಮುಗಿದಿತ್ತು. "ಹುಡುಗ ನೋಡಾಕ ಚಲೋ ಅದಾನ" ಎಂದು ಅಪ್ಪನಿಗೆ ಹೇಳುತ್ತಿದ್ದಳು. "ಆದ್ರ ಮನಸ ಇಲ್ಲಿಲ್ಲ ಮಲ್ಲಪ್ಪಾ. ಕುಂತಾಗಿಂದ ಒಂದ ಹೆಗಲ ಬಾಗಲ ಕಡಿ. ಬೆನ್ನ ಒಮ್ಮೀನೂ ಗ್ವಾಡಿಗಿ ಹಚ್ಚಲಿಲ್ಲ. ಯಾವಾಗ ಎದ್ದೇನು, ಯಾವಾಗ ಹೋದೇನು ಅಂತ ಮೈಯೆಲ್ಲಾ ಒದರತಿತ್ತು. ಯಾರೋ ಎಳಕೊಂಡ ಬಂದಾರ ಅವನ್ನ. ಮನಸಿಲ್ಲದಾವಗ ನನ್ನ ಮೊಮ್ಮಗಳನ್ನ ಕೊಡಾಂಗಿಲ್ಲ." ಆಯಿಯ ತಂಗಿಯೊಬ್ಬಳನ್ನು ಹಾಗೆ ಮನಸ್ಸಿಲ್ಲದವನಿಗೆ ಕೊಟ್ಟಿದ್ದರಂತೆ, ಆಕೆ ಬಾಳಿದ ರೀತಿಯನ್ನು ಆಯಿ ಎಂದೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮರೆಯಲೂ ಇಲ್ಲ. ಮನುಷ್ಯರ ಮೈ ಓದುವುದರಲ್ಲಿ ಆಯಿ ತಪ್ಪಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅಪ್ಪ ಒಪ್ಪಿದರು. ಬರುವ ಜತ್ತಿನ ಸಂತೆಯಲ್ಲಿ ಹುಡುಗನ ತಂದೆ ಸಿಗುತ್ತಾರೆ, ಆಗ ಬೇಡವೆಂದು ಹೇಳಿಬಿಡುತ್ತೇನೆ ಅಂದರು. ಸಂತೆಗೆ ಐದು ದಿನ ಉಳಿದಿತ್ತು.

ಹುಡುಗಿ ತನ್ನ ಮನಸ್ಸು ಹೇಳುವ ಕಾಲವಲ್ಲ ಅದು. ಆದರೆ ಆಯಿಯ ಶಾಲೆಯಲ್ಲಿ ಕಲಿತವಳು ನಾನೂ ಇದ್ದೆನಲ್ಲ. ಮರುದಿನ ಅಕ್ಕ ಬೀಸುಕಲ್ಲಿನ ಮುಂದೆ ಕುಳಿತಾಗ ಅವಳ ಮೊಣಕೈ ಮೈಗೆ ಅಂಟಿಕೊಂಡಿತ್ತು, ಕಲ್ಲು ತಿರುಗುತ್ತಿತ್ತು, ಹಾಡಿಲ್ಲ. ನೀರಿಗೆ ಹೋದಾಗ ಕೊಡ ತುಂಬಿ ಚೆಲ್ಲಿದರೂ ನೋಡುತ್ತ ನಿಂತಿದ್ದಳು. ಒಮ್ಮೆ ಯಾರೂ ಇಲ್ಲದಾಗ ನನ್ನನ್ನು ಕೇಳಿದಳು, "ಗಂಗೂ, ನೀ ಬಾಗಲದಾಗ ಇದ್ದೆಲ್ಲ, ಅವ್ರ ಹೋಗೂ ಮುಂದ ಏನರ ಅಂದ್ರೇನ?" ನಾನು ಇಲ್ಲ ಅಂದೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಹೇಳಬೇಡ ಎಂದು ಅವನು ಕೇಳಿಕೊಂಡಿದ್ದ, ನಾನು ಹೂಂ ಅಂದಿದ್ದೆ. ಹೇಳಿದರೆ ಅಣ್ಣನ ಚಪ್ಪಲಿ ಹಾಕಿಕೊಂಡು ಬಂದನೆಂದು ಕಾಕಾ ಊರೆಲ್ಲ ಹೇಳಿ ನಗಾಡುತ್ತಿದ್ದರು. ಹೇಳದಿದ್ದರೆ ಅಕ್ಕನ ಈ ಸಂಬಂಧ ಮುರಿದುಬೀಳುತ್ತಿತ್ತು. ಆಯಿಗೆ, ನೀನು ತಪ್ಪಿದ್ದೀ ಎಂದು ಹೇಳುವ ಬಾಯಿಯಂತೂ ನನಗೆ ಇರಲೇ ಇಲ್ಲ. ದಿನಕ್ಕೆ ಎರಡು ಸಲ ಆಯಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ, ಆಕೆ ಏನವ್ವಾ ಎಂದರೆ ಏನಿಲ್ಲ ಎಂದು ಬರುತ್ತಿದ್ದೆ.

ಸಂತೆಯ ದಿನ ಬೆಳಗ್ಗೆಯೇ ಗೋಡೆಯ ಕೆಲಸ ಇತ್ತು. ಹಿಂದಿನ ಸಂಜೆ ಸುಣ್ಣ ಬಳಿದಾಗಿತ್ತು, ಗೋಡೆ ಒಣಗಿ ಹಾಲಿನ ಹಾಗೆ ಕಾಣುತ್ತಿತ್ತು. ಅಂಗಳದಲ್ಲಿ ಗಡಿಗೆಯ ತುಂಬ ಹುರಮಂಜು, ಅದೇ ವಾಸನೆ. ಅಕ್ಕ ಈ ಸಲ ಬರುವುದಿಲ್ಲ, ತಲೆ ನೋವು ಅಂದಳು. ಆಯಿ ಒಂದೊಂದಾಗಿ ಸಾಲು ಮುಗಿಸುತ್ತ ಬಂದಳು. ಕೊನೆಗೆ ಬಾಗಿಲ ಪಕ್ಕದಲ್ಲಿ ಒಬ್ಬರಿಗೆ ಜಾಗ ಉಳಿಯಿತು, ಅದು ಪ್ರತಿ ವರ್ಷ ಅಕ್ಕನ ಜಾಗ. ಆಯಿ ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾಗಿ ದಂಟನ್ನು ನನ್ನ ಕೈಗೆ ಕೊಟ್ಟಳು. "ಇದು ನಿಂದ ನೋಡು ಈ ವರ್ಷ. ಯಾರನ್ನ ಬೇಕಾದ್ರ ಹಚ್ಚು" ಎಂದು ಹೇಳಿ ಕೈ ತೊಳೆಯಲು ಹೋದಳು. ಅದುವರೆಗೆ ನಾನು ಗೋಡೆಯ ಅಂಚಿನ ಗೆರೆ ಮತ್ತು ಹಕ್ಕಿಗಳನ್ನು ಬಿಟ್ಟು ಬೇರೇನೂ ಬರೆದವಳಲ್ಲ. ಸುತ್ತ ಯಾರೂ ಇರಲಿಲ್ಲ. ನಾನು ನನ್ನ ಎಡಗಾಲಿನ ಹಿಮ್ಮಡಿ ಎತ್ತಿ ನಿಂತೆ, ಗಡಿಗೆಯ ಮುಚ್ಚಳವನ್ನು ಚಪ್ಪಲಿಯಂತೆ ಕೈಯಲ್ಲಿ ಹಿಡಿದೆ, ಕುತ್ತಿಗೆ ತಿರುಗಿಸಿದೆ. ಆಮೇಲೆ ಬರೆದೆ. ಬೆನ್ನು ನಮ್ಮ ಕಡೆ. ಹೆಗಲು ಒಂದು ಮೇಲೆ, ಒಂದು ಕೆಳಗೆ. ಒಂದು ಹಿಮ್ಮಡಿ ನೆಲ ಬಿಟ್ಟಿದೆ. ಕೈಯಲ್ಲಿ ಜೋತುಬಿದ್ದ ಎರಡು ಚಪ್ಪಲಿ. ಗುಂಡು ತಲೆಯಲ್ಲಿ ಮುಖವಿಲ್ಲ, ಆದರೆ ಕುತ್ತಿಗೆ ಹಿಂದಕ್ಕೆ, ನಮ್ಮ ಬಾಗಿಲ ಕಡೆಗೆ ತಿರುಗಿದೆ.

ಆಯಿ ಬಂದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನೋಡಿದಳು. "ಇವ ಯಾರ?" ಅಂದಳು. ನಾನು ನೆಲ ನೋಡಿದೆ. ಹೆಸರು ಹೇಳಿದರೆ ಮಾತು ಮುರಿದಂತೆ. ಆಯಿ ಗೋಡೆಗೆ ಇನ್ನೂ ಹತ್ತಿರ ಹೋದಳು, ಹಿಂದೆ ಸರಿದಳು. ಆಮೇಲೆ ಆ ಅರವತ್ತು ದಾಟಿದ ಹೆಂಗಸು ಅಂಗಳದ ನಡುವೆ ತನ್ನ ಹಿಮ್ಮಡಿಯನ್ನು ನೆಲದಿಂದ ಎತ್ತಿದಳು, ಚಪ್ಪಲಿ ಹಿಡಿದಂತೆ ಬಲಗೈ ಜೋತುಬಿಟ್ಟಳು, ನಿಧಾನಕ್ಕೆ ಕುತ್ತಿಗೆ ತಿರುಗಿಸಿ ನಮ್ಮ ಮನೆಯ ಬಾಗಿಲನ್ನು ನೋಡಿದಳು. ಹಾಗೇ ನಿಂತಳು. ಅವಳ ಹೆಗಲು ಮೆಲ್ಲಗೆ ಮೇಲೇರಿತು. ಚೀಲಗಳ ಮೇಲಿಂದ ಅಂದು ಕಂಡ ಹೆಗಲು ಅದೇ, ನೊಂದ ಹಿಮ್ಮಡಿ ನೆಲಕ್ಕೆ ತಾಗದಂತೆ ಬಾಗಿಲ ಕಡೆ ವಾಲಿದ್ದು. ಆಯಿಗೆ ಅದು ತನ್ನ ಮೈಯಲ್ಲೇ ಸಿಕ್ಕಿತು.

"ಅಯ್ಯ ನನ್ನ ಶಿವನ!" ಎಂದು ಆಯಿ ಕಾಲು ಕೆಳಗಿಟ್ಟಳು. "ಹಿಮ್ಮಡಾ ಕಿತ್ತಿತ್ತೇನ ಅವಂದು?" ನಾನು ಗೋಣು ಹಾಕಿದೆ. ಗೋಣು ಹಾಕುವುದು ಹೇಳಿದಂತೆ ಅಲ್ಲ ಎಂದು ನನ್ನ ಹನ್ನೊಂದು ವರ್ಷದ ಮನಸ್ಸು ಲೆಕ್ಕ ಹಾಕಿತ್ತು. "ತಿರಗಿ ನೋಡಿದ್ನೇನ?" ನಾನು ಮೂರು ಬೆರಳು ತೋರಿಸಿದೆ. ಆಯಿ ಅಂಗಳದಲ್ಲೇ ಕುಕ್ಕರಿಸಿ ಕುಳಿತು ಬಾಯಿಗೆ ಸೆರಗು ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ.

ಅಷ್ಟರಲ್ಲಿ ಅಪ್ಪ ರುಮಾಲು ಸುತ್ತಿಕೊಳ್ಳುತ್ತ ಸಂತೆಗೆ ಹೊರಟು ಹೊರಗೆ ಬಂದರು. ಆಯಿ ಅವರನ್ನು ಗೋಡೆಯ ಮುಂದೆ ನಿಲ್ಲಿಸಿದಳು.

"ಏನೈತಿ ಯವ್ವಾ ಇದರಾಗ? ಯಾವನೋ ಚಪ್ಪಲಿ ಕಳಕೊಂಡು ಹುಡುಕ್ಯಾಡಾಕತ್ತಾನ."

"ಚಪ್ಪಲಿ ಕೈಯಾಗ ಅದಾವಲ್ಲೋ ಖೋಡಿ! ನೀ ನಿಂದ್ರು. ಇವನಂಗ ನಿಂದ್ರು."

"ಸಂತಿಗಿ ಹೊತ್ತಾತು."

"ಸಂತಿ ಎಲ್ಲೂ ಓಡಿ ಹೋಗೂದಿಲ್ಲ. ಬಿಚ್ಚು ಚಪ್ಪಲಿ."

ಊರಲ್ಲಿ ನಾಲ್ಕು ಜನ ಗೌರವ ಕೊಡುವ ನಮ್ಮ ಅಪ್ಪ ಅರ್ಧ ಸುತ್ತಿದ ರುಮಾಲಿನಲ್ಲಿ, ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು, ಒಂಟಿ ಹಿಮ್ಮಡಿ ಎತ್ತಿ, ಕುತ್ತಿಗೆ ತಿರುಗಿಸಿ ತನ್ನ ಮನೆಯ ಬಾಗಿಲನ್ನೇ ನೋಡುತ್ತ ನಿಂತರು. ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳು ನಗು ತಡೆಯಲಾರದೆ ಒಳಗೆ ಓಡಿದಳು. ಅವಳ ಹಿಂದೆ ಅಕ್ಕ ಇದ್ದಳು. ಅಕ್ಕ ಗೋಡೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು, ಮತ್ತೆ ಗೋಡೆಯನ್ನು ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಕಿವಿಯವರೆಗೂ ಕೆಂಪಾಗಿ ಕಂಬದ ಹಿಂದೆ ಸರಿದಳು. "ಕಾಲ ನೋವು!" ಎಂದರು ಅಪ್ಪ, ಇನ್ನೂ ಅದೇ ಭಂಗಿಯಲ್ಲಿ. "ಹುಡುಗಗ ಕಾಲ ನೋವಾಗಿತ್ತ!" ಆಯಿ ಹೂಂಗುಟ್ಟಿದಳು. "ನಾ ಬರೇ ಹೆಗಲ ನೋಡಿದ್ನಿ ಮಲ್ಲಪ್ಪಾ. ಕಾಲ ನೋಡಲೇ ಇಲ್ಲ. ಹೋಗು, ಅವ್ರಪ್ಪಗ ನಮಗ ಒಪ್ಪಿಗಿ ಅಂತ ಹೇಳು. ಮತ್ತ ಹುಡುಗಗ, ಮುಂದಿನ ಸಲ ತನ್ನ ಹಳೇ ಚಪ್ಪಲಿ ಹಾಕ್ಕೊಂಡ ಬಾ ಅನ್ನು."

ಹಾಗೆ ನನ್ನ ಅಕ್ಕನ ಮದುವೆ ಆಯಿತು. ಈರಣ್ಣಮಾಮಾ ಮದುವೆಗೆ ನಿಜವಾಗಿಯೂ ಹಳೆಯ, ತೇಪೆ ಹಾಕಿದ ಚಪ್ಪಲಿಯಲ್ಲೇ ಬಂದರು. ಬಾಗಿಲಲ್ಲಿ ಗೋಡೆಯ ಮೇಲೆ ತಮ್ಮನ್ನು ತಾವೇ ಕಂಡು ನನ್ನ ಕಡೆ ಬೆರಳು ಮಾಡಿದರು. ನಾನು ಹೇಳಿಲ್ಲ ಎಂದು ತಲೆ ಅಲ್ಲಾಡಿಸಿದೆ. ಆಮೇಲೆ ಅವರು ನಮ್ಮ ಮನೆಗೆ ಬಂದಾಗಲೆಲ್ಲ ಮೊದಲು ನನ್ನನ್ನು ಕರೆದು ಹಿಮ್ಮಡಿ ತೋರಿಸುತ್ತಿದ್ದರು. "ನೋಡವಾ ಗಂಗೂ, ಎರಡೂ ಚಲೋ ಅದಾವ. ಗ್ವಾಡಿಗಿ ಮತ್ತೇನೂ ಹಚ್ಚಬ್ಯಾಡ." ಅಕ್ಕ ಅವರ ಜೊತೆ ನಲವತ್ತು ವರ್ಷಕ್ಕೂ ಹೆಚ್ಚು ಬಾಳಿದಳು, ನಾಲ್ಕು ಮಕ್ಕಳನ್ನು ಹೆತ್ತಳು. ಹಬ್ಬಕ್ಕೆ ತವರಿಗೆ ಬಂದು ಹಿಂತಿರುಗುವಾಗ ಆ ಬೇವಿನ ಮರದ ತಿರುವಿನಲ್ಲಿ ಇಬ್ಬರೂ ನಿಂತು ತಿರುಗಿ ನೋಡುತ್ತಿದ್ದರು. ನಾನು ಮಾಳಿಗೆಯ ಮೇಲಿಂದ ಕೈ ಬೀಸುತ್ತಿದ್ದೆ.

ಮುಂದಿನ ವರ್ಷ ಸುಣ್ಣ ಬಳಿಯುವಾಗ ಆಯಿ ಆ ಒಬ್ಬನನ್ನು ಮುಟ್ಟಲು ಬಿಡಲಿಲ್ಲ. ಉಳಿದವರೆಲ್ಲ ಪ್ರತಿ ವರ್ಷ ಅಳಿದು ಹೊಸದಾಗಿ ಬರುತ್ತಿದ್ದರು, ಚಪ್ಪಲಿಯವನು ಮಾತ್ರ ಹಾಗೇ. ಅವನ ಸುತ್ತ ಬಳಿದು ಬಳಿದು ಸುಣ್ಣ ದಪ್ಪಗಾಗಿ ಅವನು ಒಂದು ಗೂಡಿನೊಳಗೆ ನಿಂತಂತೆ ಕಾಣುತ್ತಿದ್ದ. ಆಯಿಯ ಪಾಠವೂ ಬದಲಾಯಿತು. ಮೊದಲು ಆಕೆ ಹೆಗಲಿನಿಂದ ಆರಂಭಿಸುತ್ತಿದ್ದಳು, ಆಮೇಲೆ ಕಾಲಿನಿಂದ. ಹೊಸ ಹುಡುಗಿಯರು ಯಾಕೆಂದು ಕೇಳಿದರೆ ಆ ಚಪ್ಪಲಿಯವನನ್ನು ತೋರಿಸಿ, "ಇವನ್ನ ನಾ ಮ್ಯಾಲಿಂದ ಓದಿ ಕೆಟ್ಟಿದ್ನಿ. ಕೆಳಗಿಂದ ಓದ್ರಿ" ಅನ್ನುತ್ತಿದ್ದಳು. ತಾನು ತಪ್ಪಿದ್ದನ್ನು ಅಷ್ಟು ಮಂದಿಯ ಮುಂದೆ, ಅಷ್ಟು ವರ್ಷ, ನಗುತ್ತ ಒಪ್ಪಿಕೊಂಡ ಇನ್ನೊಬ್ಬರನ್ನು ನಾನು ಆಮೇಲೆ ಕಂಡಿಲ್ಲ.

ಈಗ ಆ ಮನೆ ಇಲ್ಲ. ಆಯಿ ಹೋದಳು, ಅಪ್ಪ ಅವ್ವ ಹೋದರು. ನನ್ನ ತಮ್ಮಂದಿರು ಅದೇ ಜಾಗದಲ್ಲಿ ಸ್ಲ್ಯಾಬಿನ ಮನೆ ಕಟ್ಟಿಕೊಂಡರು, ಒಳ್ಳೆಯದೇ ಆಯಿತು, ಮಳೆಗೆ ಮಾಳಿಗೆ ಸೋರುವ ಕಾಟ ಇಲ್ಲ. ಗೋಡೆ ಕೆಡವಿದ ದಿನ ನಾನು ಅಲ್ಲಿರಲಿಲ್ಲ. ಇದ್ದರೂ ಬೇಡ ಎನ್ನುತ್ತಿರಲಿಲ್ಲ, ನನ್ನ ಸ್ವಭಾವ ನಿಮಗೆ ಗೊತ್ತು. ಮಣ್ಣನ್ನು ಹೊಲಕ್ಕೆ ಹೊಡೆದರಂತೆ, ಕಲ್ಲುಗಳನ್ನು ಹೊಸ ಮನೆಯ ಪಾಯಕ್ಕೆ ಹಾಕಿದರಂತೆ. ಮೂರು ವರ್ಷದ ಹಿಂದೆ ಈರಣ್ಣಮಾಮಾ ಹೋದರು, ಹೋದ ವರ್ಷ ಅಕ್ಕ. ಆ ಅಂಗಳದಲ್ಲಿ ಅಂದು ನಕ್ಕವರಲ್ಲಿ ಈಗ ಉಳಿದವಳು ನಾನೊಬ್ಬಳೇ.

ಆದರೆ ಆಯಿ ಕಲಿಸಿದ್ದು ನನ್ನ ಬಾಳಿಗೆ ಬಹಳ ಒದಗಿತು. ನಿಮ್ಮ ಮುತ್ಯಾ, ನನ್ನ ಯಜಮಾನರು, ಮಾತು ಕಡಿಮೆ ಮನುಷ್ಯ. ನಾನೂ ಹಾಗೇ. ನಮ್ಮಿಬ್ಬರ ಮನೆಯಲ್ಲಿ ಮಾತೇ ಇಲ್ಲ ಎಂದು ನೆರೆಯವರು ನಗುತ್ತಿದ್ದರು. ಅವರು ಅಂಗಡಿಯಿಂದ ಬಂದು ಹೊಸ್ತಿಲ ಮೇಲೆ ಯಾವ ಕಾಲು ಹೇಗೆ ಇಟ್ಟರು ಎಂಬುದರಲ್ಲಿ ನನಗೆ ಅವರ ಇಡೀ ದಿನ ತಿಳಿಯುತ್ತಿತ್ತು. ಕೊನೆಯ ದಿನಗಳಲ್ಲಿ ಹಾಸಿಗೆಯಲ್ಲಿ ಮಲಗಿದ್ದಾಗ ಅವರ ಅಂಗೈ ನನ್ನ ಕಡೆಗೆ ಮೇಲ್ಮುಖವಾಗಿ ತೆರೆದಿರುತ್ತಿತ್ತು. ಅಷ್ಟು ಸಾಕಾಗಿತ್ತು ನನಗೆ.

ಇನ್ನು ಹೋದ ವಾರದ ಮಾತು. ಸಮೃದ್ಧಿಯ ಸಿಟ್ಟು ಇಳಿದ ಮೇಲೆ ನಾನು ಅವಳ ಕೈಗೆ ನೀರು ತುಂಬಿದ ಬಕೆಟ್ ಕೊಟ್ಟು ನಲ್ಲಿಯಿಂದ ಬಾಗಿಲವರೆಗೆ ನಡೆ ಅಂದೆ. ಆಮೇಲೆ ಖಾಲಿ ಬಕೆಟ್. "ಬರಿಗೈ ಎಲ್ಲಿ ಹೋತು?" ಎಂದು ಕೇಳಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವಳು ಮೊದಲು ನಕ್ಕಳು, ಮೂರನೆಯ ಸಲಕ್ಕೆ ನಗು ನಿಲ್ಲಿಸಿ ತನ್ನ ಮೊಣಕೈಯನ್ನೇ ನೋಡಿಕೊಂಡಳು. ಅವಳ ತಮ್ಮ ಓಂಕಾರ ಬಂದು ತಾನೂ ಹೊರುತ್ತೇನೆಂದು ಹಟ ಮಾಡಿ ಅರ್ಧ ನೀರು ಚೆಲ್ಲಿದ. ಸಂಜೆಗೆ ಅವಳು ಗೇರಿನಿಂದ ಒಂದು ಕಾಗದದ ಮೇಲೆ ಬರೆದು ತಂದು ತೋರಿಸಿದಳು. ಮುಖವಿಲ್ಲದ ಒಬ್ಬ ಮುದುಕಿ. ಭಾರವೆಲ್ಲ ಎಡಗಾಲಿನ ಮೇಲೆ, ಒಂದು ಕೈ ಸೊಂಟದಲ್ಲಿ, ಕುತ್ತಿಗೆ ತುಸು ಮುಂದಕ್ಕೆ ಬಾಗಿದೆ, ಎದುರಿಗಿರುವ ಏನನ್ನೋ ಪರೀಕ್ಷೆ ಮಾಡುವ ಹಾಗೆ. ಗೋಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ಆಯಿ ನೋಡುತ್ತಿದ್ದುದು ಹೀಗೇ. "ಆಯಿ!" ಎಂದುಬಿಟ್ಟೆ. "ಆಯಿ ಅಲ್ಲ ಆಜೀ, ಇದು ನೀ" ಅಂದಳು ಸಮೃದ್ಧಿ. "ಬಕೆಟ್ ಹೊರೂ ಮುಂದ ನೀ ಹಿಂಗ ನಿಂತು ನೋಡಾಕತ್ತಿದ್ದಿ. ಖುಷಿಯಾಗಿದ್ದಿ. ಗೊತ್ತಾಗತೈತಿಲ್ಲ?" ಗೊತ್ತಾಗುತ್ತಿತ್ತು.

ಮರುದಿನ ನೀವಿಬ್ಬರೂ ಶಾಲೆಗೆ ಹೋದ ಮೇಲೆ ಡಬ್ಬಿಯಲ್ಲಿ ಸ್ವಲ್ಪ ಗೇರು ಉಳಿದಿತ್ತು. ಚೆಲ್ಲಲು ಮನಸ್ಸಾಗಲಿಲ್ಲ. ಹೊಸದಾಗಿ ಬಿಳಿ ಬಣ್ಣ ಹೊಡೆಸಿದ ಕಂಪೌಂಡ್ ಗೋಡೆಯ ಮೂಲೆಯಲ್ಲಿ, ನಲ್ಲಿಯ ಪಕ್ಕ, ಕಡ್ಡಿಗೆ ಹತ್ತಿ ಸುತ್ತಿ ಕುಳಿತೆ. ಕಾಲಿನಿಂದ ಆರಂಭಿಸಿದೆ. ಎತ್ತಿದ ಹಿಮ್ಮಡಿ ಬಂತು, ಬೆನ್ನು ಬಂತು, ಕೈಯಲ್ಲಿ ಎರಡು ಚಪ್ಪಲಿ ಬಂದವು. ಕುತ್ತಿಗೆಯ ಹತ್ತಿರ ಕೈ ನಿಂತಿತು. ಅವನು ಅಂದು ತಿರುಗಿ ನೋಡಿದ ಮನೆ ಈಗ ಎಲ್ಲಿಯೂ ಇಲ್ಲ. ಈ ಗೋಡೆಯ ಮೇಲೆ ಅವನನ್ನು ಯಾವ ಕಡೆಗೆ ತಿರುಗಿಸಲಿ? ಬಿಸಿಲಿಗೆ ಗೇರು ಒಣಗುತ್ತ ಬಂತು. ಒಳಗೆ ನಿಮ್ಮ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಬಾಗಿಲ ಹೊರಗೆ ಓಂಕಾರನ ಹಳೆಯ ಚಪ್ಪಲಿ ಒಂದರ ಮೇಲೊಂದು ಬಿದ್ದಿದ್ದವು. ನಾನು ಎದ್ದು ನಿಂತೆ, ಹಿಮ್ಮಡಿ ಎತ್ತಿದೆ, ನಿಧಾನವಾಗಿ ಕುತ್ತಿಗೆ ತಿರುಗಿಸಿ ನಮ್ಮ ಈ ಮನೆಯ ಬಾಗಿಲನ್ನು ನೋಡಿದೆ. ಆಮೇಲೆ ಕುಳಿತು ಅವನ ತಲೆಯನ್ನು ಈ ಕಡೆಗೇ ತಿರುಗಿಸಿ ಬರೆದು ಮುಗಿಸಿದೆ.